ನೀ ಮೊದಲ ದಾಟು

ನಮ್ಮ ಓಣಿಯಲ್ಲಿ ನನಗೊಂದು ಕೆಲಸ ಇತ್ತು. ಅರ್ಜಿ ಹಾಕದೆ ಸಿಕ್ಕಿದ್ದು. ಬೆಕ್ಕು ಅಡ್ಡ ಹೋದಾಗ ಎಲ್ಲರಿಗಿಂತ ಮೊದಲು ದಾರಿ ದಾಟುವ ಕೆಲಸ.

ವಿಜಯಪುರದ ಹಳೆಯ ಭಾಗದ ಆ ಓಣಿ ಎಷ್ಟು ಅಗಲವೆಂದರೆ, ಎದುರಿನಿಂದ ಜೀಪು ಬಂದರೆ ಮೋಟರ್‌ಸೈಕಲ್ಲಿನವರು ಯಾರದಾದರೂ ಬಾಗಿಲೊಳಗೆ ಮುಂದಿನ ಗಾಲಿ ತೂರಿಸಿ ನಿಲ್ಲಬೇಕು. ಎರಡೂ ಬದಿಗೆ ಮನೆಗಳ ಕಟ್ಟೆ, ಕಟ್ಟೆಗಳ ಮೇಲೆ ಬೆಕ್ಕು. ಮನುಷ್ಯರಿಗೆ ಓಣಿಯ ಉದ್ದಕ್ಕೆ ಕೆಲಸವಿರುತ್ತದೆ, ಬೆಕ್ಕುಗಳಿಗೆ ಅಡ್ಡಕ್ಕೆ. ಹೀಗಾಗಿ ಮುಂಜಾನೆ ಎಂಟರ ಹೊತ್ತಿಗೆ ಶಕುನ ಕೆಡಿಸಿಕೊಳ್ಳದೆ ಓಣಿ ಬಿಟ್ಟವರನ್ನು ನಾನು ನೋಡಿಲ್ಲ.

ನಿಯಮ ಎಲ್ಲರಿಗೂ ಗೊತ್ತಿರುವುದೇ. ಬೆಕ್ಕು ಅಡ್ಡ ಹೋದರೆ ನಿಲ್ಲಬೇಕು. ಬೇರೆ ಯಾರಾದರೂ ಆ ಜಾಗ ದಾಟಿದರೆ ಕೆಡುಕು ಅವರ ಬೆನ್ನಿಗೆ ಬೀಳುತ್ತದೆ, ನಾವು ಹೋಗಬಹುದು. ತೊಡಕು ಏನೆಂದರೆ ಹಿಂದೆ ಬಂದವರಿಗೂ ಇದೇ ನಿಯಮ ಗೊತ್ತು. ಅವರೂ ನಿಲ್ಲುತ್ತಾರೆ. ಒಂದು ಮುಂಜಾನೆ ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದಾಗ ಎದುರುಮನೆಯ ಕಾಕಾ ಮೋಟರ್‌ಸೈಕಲ್ ಮೇಲೆ ನಿಂತಿದ್ದರು, ಅವರ ಹಿಂದೆ ಹಾಲಿನವನು, ಅವನ ಹಿಂದೆ ಟ್ಯೂಷನ್ನಿಗೆ ಹೊರಟ ಇಬ್ಬರು ಹುಡುಗಿಯರು. ಎಲ್ಲರೂ ಮೊಬೈಲ್ ನೋಡುವ ನೆಪದಲ್ಲಿದ್ದರು. ಇಷ್ಟು ಜನ ತನಗಾಗಿ ನಿಂತಿದ್ದಾರಲ್ಲ ಎಂದು ಬೆಕ್ಕೂ ಆಚೆ ಕಟ್ಟೆಯ ಬುಡದಲ್ಲಿ ನಿಂತುಬಿಟ್ಟಿತ್ತು.

"ಬಾರವಾ ಬಾ, ಬಾಯಿ ಆಮ್ಯಾಲೆ ತೊಳಕೊ," ಅಂದರು ಕಾಕಾ. "ನೀ ಮೊದಲ ದಾಟು."

"ನಾನ್ಯಾಕ ಕಾಕಾ?"

"ನೀ ನಂಬಂಗಿಲ್ಲಲ್ಲ. ನಂಬದಾವ್ರಿಗೆ ಅದು ಹತ್ತಂಗಿಲ್ಲ."

"ಹಂಗಾರ ನೀವೂ ನಂಬಬ್ಯಾಡ್ರಿ. ನಿಮಗೂ ಹತ್ತಂಗಿಲ್ಲ."

"ಯವ್ವಾ, ತಿಕೋಟಾಕ್ಕ ಮಣೂಕ ನೋಡಾಕ ಹೊಂಟೇನಿ. ವ್ಯಾಪಾರದ ದಿನ ಎಲ್ಲಿ ನಂಬದ ಇರ್ಲಿ? ಐತವಾರ ಬಾ. ಐತವಾರ ನಾನೂ ನಂಬಂಗಿಲ್ಲ."

ಮಣೂಕ ಅಂದರೆ ನಮ್ಮ ಕಡೆ ಒಣದ್ರಾಕ್ಷಿ. ಕಾಕಾ ಅದರ ದಲ್ಲಾಳಿ. ನಾನು ದಾಟಿದೆ. ನಾಲ್ಕು ಗಾಡಿ ಹೋದವು. ಅಂದಿನಿಂದ ಹುದ್ದೆ ಕಾಯಂ ಆಯಿತು.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳಿಗೆ ಹೋಗಿದ್ದೇನೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಯಾವ ಮಾತು ಕೇಳಿದರೂ ಅದಕ್ಕೆ ಪುರಾವೆ ಏನು ಎಂದು ಕೇಳುವ ರೋಗ ಅಲ್ಲಿಂದ ಹತ್ತಿದ್ದು. ಮನೆಯಲ್ಲಿ ಅದರ ಕಾಟವನ್ನು ಹೆಚ್ಚು ಅನುಭವಿಸಿದವಳು ಅತ್ತಿ.

ಅತ್ತಿ ಅಂದರೆ ಅಪ್ಪನ ಅಕ್ಕ. ಕಳ್ಳಕವಟಗಿಗೆ ಕೊಟ್ಟಿದ್ದರಂತೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ನಾನು ಹುಟ್ಟುವ ಎಷ್ಟೋ ಮೊದಲಿನ ಮಾತು. ಅಕ್ಕನನ್ನೂ ನನ್ನನ್ನೂ ಎತ್ತಿ ಆಡಿಸಿದವಳು ಅವಳೇ. ರೊಟ್ಟಿ ಅವಳದು, ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳದು, ಓಣಿಯ ಬೆಕ್ಕುಗಳೂ ಅವಳವು. ದಿನಾ ಮುಂಜಾನೆ ಮುಂದಿನ ಕಟ್ಟೆಯ ಮೇಲೆ ಕೂತು ಹಿಂದಿನ ದಿನದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಡುತ್ತಿದ್ದಳು.

"ಬೆಕ್ಕಿಗೆ ಇರೂ ಮರ್ಯಾದಿ ಮನಷ್ಯಾಗ ಇಲ್ಲ," ಅಂದಳು ಒಂದು ದಿನ.

"ಯಾವ ಆಧಾರದ ಮ್ಯಾಲೆ ಹೇಳತಿ?"

"ನಾಳೆ ಮುಂಜಾನೆ ಬಂದು ಕಟ್ಟಿ ಮ್ಯಾಲೆ ಸುಮ್ಮನ ಕುಂದರು. ಸುಮ್ಮನ ಕುಂದ್ರೂದು ನಿನಗ ಆಗಂಗಿಲ್ಲ, ಆದ್ರೂ ನೋಡು."

ಅವಳ ಮಾತನ್ನು ಸುಳ್ಳು ಮಾಡುವ ಉದ್ದೇಶದಿಂದಲೇ ಕೂತೆ. ಒಂದು ವಾರ ಕೂತೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಬರುವುದು ಸೊಸಿ. ಕರಿ ಬಿಳಿ ಹೆಣ್ಣು ಬೆಕ್ಕು. ಮರಿಯಿದ್ದಾಗ ತಿಕೋಟಾದಿಂದ ಕಾಕಾನ ಟೆಂಪೋದಲ್ಲಿ ಮಣೂಕದ ಬಾಕ್ಸುಗಳ ಸಂದಿಯಲ್ಲಿ ಕೂತು ಬಂದದ್ದಕ್ಕೆ ಆ ಹೆಸರು. ಬಂದ ಹೊಸದರಲ್ಲಿ ಉಳಿದ ಬೆಕ್ಕುಗಳು ಅವಳನ್ನು ಕಟ್ಟೆ ಏರಗೊಡಲಿಲ್ಲ. ಎರಡು ತಿಂಗಳು ಕೆಳಗಿನ ಮೆಟ್ಟಿಲಲ್ಲೇ ಕೂತು, ಬೆನ್ನು ಮಾಡಿಕೊಂಡು ಉಳಿದದ್ದನ್ನು ತಿಂದಳು. ಆಮೇಲೆ ಒಂದು ದಿನ ಒಂದು ಮೆಟ್ಟಿಲು, ಮತ್ತೊಂದು ವಾರಕ್ಕೆ ಇನ್ನೊಂದು. ಈಗ ತಟ್ಟೆಯ ಪಕ್ಕದಲ್ಲೇ ಜಾಗ. ಆದರೂ ತಟ್ಟೆಯ ಕಡೆ ನೋಡುವುದಿಲ್ಲ. ಯಾವ ಬೆಕ್ಕೂ ನೋಡುವುದಿಲ್ಲ. ನಾಲ್ಕೈದು ಬೆಕ್ಕು, ನಡುವೆ ಒಂದೊಂದು ಮೊಳ ಅಂತರ, ಒಂದು ಗೋಡೆ ನೋಡುತ್ತದೆ, ಒಂದು ಆಕಾಶ. ಹಾಲಿಗೆ ಬಂದೇ ಇಲ್ಲ, ಈ ಕಡೆ ಏನೋ ಕೆಲಸವಿತ್ತು, ಬಂದೆವು ಎಂಬ ಹಾಗೆ.

ಎಲ್ಲರೂ ಕಾಯುವುದು ಸಾವ್ಕಾರನಿಗೆ. ಹಳದಿ ಗಂಡು ಬೆಕ್ಕು, ಒಂದು ಕಿವಿ ಹರಿದದ್ದು, ನಡಿಗೆಯಲ್ಲಿ ನಾಲ್ಕೆಕರೆ ತೋಟ ಇದ್ದವರ ಭಾರ. ಬರುತ್ತಾನೆ, ತಟ್ಟೆ ಮೂಸುತ್ತಾನೆ, ಎರಡು ಸಲ ನೆಕ್ಕುತ್ತಾನೆ, ಹಿಂದೆ ಸರಿದು ಕೂರುತ್ತಾನೆ. ಆಮೇಲೆ ಉಳಿದವರ ಊಟ.

"ಹಿರೇರಂದ್ರ ಹಂಗಿರಬೇಕು," ಅಂದಳು ಅತ್ತಿ.

"ಅತ್ತಿ, ಅವ ಮೂಲಿಮನಿಯಾಗ ತಿಂದು ಬಂದಿರ್ತಾನ. ಹೊಟ್ಟಿ ತುಂಬಿರತೈತಿ. ಅಷ್ಟ."

"ಹೊಟ್ಟಿ ತುಂಬಿದ ಮ್ಯಾಲೂ ಬಿಡದಾವ್ರನ್ನ ನಾ ಭಾಳ ಮಂದಿನ್ನ ನೋಡೇನಿ."

ಇದಕ್ಕೆ ಉತ್ತರ ನನ್ನ ಬಳಿ ಇತ್ತು, ಆದರೆ ಅಪ್ಪ ಚಹಾ ಕೇಳಿದ್ದರಿಂದ ಉಳಿದುಹೋಯಿತು.

ನನ್ನನ್ನು ನಿಜವಾಗಿ ಸೋಲಿಸಿದ್ದು ಓಣಿಯ ತಿರುವು. ಅಲ್ಲಿ ಈ ಕಡೆಯಿಂದ ಸಾವ್ಕಾರ, ಆ ಕಡೆಯಿಂದ ಸೊಸಿ ಎದುರಾದರೆ ಇಬ್ಬರೂ ಕೂತುಬಿಡುತ್ತಾರೆ. ಜಗಳವಿಲ್ಲ. ಸೊಸಿ ಪಕ್ಕಕ್ಕೆ ಮುಖ ಮಾಡಿ ಕಾಲು ನೆಕ್ಕಿಕೊಳ್ಳುತ್ತಾಳೆ. ಸಾವ್ಕಾರ ತನ್ನ ಮುಂಗಾಲಿನ ಉಗುರು ನೋಡಿಕೊಳ್ಳುತ್ತಾನೆ. ನೀ ಮೊದಲ ದಾಟು, ಇಲ್ಲ ನೀ ಮೊದಲ ದಾಟು. ಹತ್ತು ನಿಮಿಷವಾದರೂ ಸರಿ. ಯಾರೋ ಒಬ್ಬರು ಎದ್ದು ಗೋಡೆಗೆ ಒತ್ತಿಕೊಂಡು ಹೋದ ಮೇಲೆ ಇನ್ನೊಬ್ಬರು ಏಳುವುದು. ಈ ಕಡೆ ಬೆಕ್ಕಿಗಾಗಿ ನಿಂತ ಕಾಕಾ, ಆ ಕಡೆ ಬೆಕ್ಕಿಗಾಗಿ ನಿಂತ ಬೆಕ್ಕು. ಶಕುನ ನೋಡುವವರ ಸಂಖ್ಯೆ ನಾನು ತಿಳಿದದ್ದಕ್ಕಿಂತ ದೊಡ್ಡದಿತ್ತು.

ಅಷ್ಟರಲ್ಲಿ ಅಕ್ಕ ಹೆರಿಗೆಗೆ ಬಂದಳು. ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಚೊಚ್ಚಲು ತವರಿನಲ್ಲೇ ಆಗಬೇಕಲ್ಲ. ಹೆಣ್ಣು ಕೂಸು ಹುಟ್ಟಿತು. ಐದು ತಿಂಗಳು ಆ ಕೂಸು ಅಕ್ಕನ ಮೈಮೇಲಿಗಿಂತ ಅತ್ತಿಯ ಕಾಲಮೇಲೆ ಹೆಚ್ಚಿತ್ತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬಿಸಿನೀರು ಎರೆಯುತ್ತಿದ್ದರೆ, ಹಿತ್ತಲ ಗೋಡೆಯ ಮೇಲೆ ಬೆಕ್ಕುಗಳು ಸಾಲಾಗಿ ಕೂತು ನೋಡುತ್ತಿದ್ದವು. ಸಾವ್ಕಾರನ ಮುಖದಲ್ಲಿ ಎಂಥ ಗಾಬರಿ! ಬದುಕಿರುವ ಜೀವಕ್ಕೆ ಯಾರಾದರೂ ಇಷ್ಟು ನೀರು ಹಾಕುತ್ತಾರೆಯೇ? ಕೂಸು ಅತ್ತರೆ ಅವನು ಇಳಿದು ಬಚ್ಚಲ ಬಾಗಿಲಿಗೆ ಬಂದು ಒಮ್ಮೆ ಕೂಗಿ ಹೋಗುತ್ತಿದ್ದ.

"ನೋಡು, ವಿಚಾರಸಾಕ ಬಂದಾನ," ಅನ್ನುವಳು ಅತ್ತಿ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಒಂದು ಸಂಜೆ ಕಾಕಾ ಮುಖ ಇಳಿಸಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ತಿಕೋಟಾದಲ್ಲಿ ಒಂದು ವ್ಯವಹಾರ ಕೈಬಿಟ್ಟಿತ್ತು. ಆ ದಿನ ನಾನು ಊರಲ್ಲಿರಲಿಲ್ಲ, ಸೊಸಿ ಅಡ್ಡ ಹೋಗಿದ್ದಳು, ದಾಟುವವರಿಲ್ಲದೆ ಕಾಕಾ ಹಾಗೇ ಹೋಗಿದ್ದರು.

"ಸೊಸಿನ್ನ ಈ ಓಣಿಗೆ ತಂದಾವ್ರು ಯಾರು ಕಾಕಾ? ನಿಮ್ಮ ಟೆಂಪೋ ಅಲ್ಲೇನು?" ಎಂದು ಶುರು ಮಾಡಿದೆ.

"ಚ್ಯಾಷ್ಟಿ ಬಿಡವಾ. ಹಿರೇರು ಸುಮ್ಮನ ಮಾಡಿಲ್ಲ ಇವನ್ನೆಲ್ಲ."

ಅಲ್ಲಿಗೆ ಬಿಡಬಹುದಿತ್ತು. ಎದುರಾಳಿ ದಣಿದಿದ್ದಾನೆ ಎಂದು ಗೊತ್ತಾದರೆ ಬಿಡದಂತೆ ನನ್ನನ್ನು ತಯಾರು ಮಾಡಿದ್ದಾರೆ. "ಸರಿ ಕಾಕಾ. ಬೆಕ್ಕ ಅಡ್ಡ ಬಂದ್ರ ನಿಂದ್ರತೀರಿ. ಚಲೋ ಕೆಲಸಕ್ಕ ಹೊಂಟಾಗ ನಮ್ಮ ಅತ್ತಿ ಎದುರ ಬಂದ್ರೂ ನಿಂದ್ರತೀರಿ. ಅಂದ್ರ ನಿಮ್ಮ ಲೆಕ್ಕದಾಗ ಬೆಕ್ಕೂ ಅತ್ತಿನೂ ಒಂದ ಆದಂಗಾತು. ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಕಾಕಾ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. "ಸಾಕ ಮಾಡಲೇ," ಅಂದ ಅಪ್ಪ. ಎದುರಿನವರು ಮೌನವಾದರೆ ಅಂಕ ನಮಗೆ. ನಾನು ಗೆದ್ದೆ ಅಂದುಕೊಂಡೆ. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಗಂಡ ತೀರಿದ ಹೆಣ್ಣುಮಗಳು ಶುಭಕ್ಕೆ ಹೊರಟವರ ಎದುರಿಗೆ ಬರಬಾರದು ಎಂಬುದು ನನಗೆ ಗೊತ್ತಿತ್ತು, ಒಂದು ಉದಾಹರಣೆಯಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಅತ್ತಿಗೆ ಯಾರೂ ಹಾಗೆ ಹೇಳಿರಲಿಲ್ಲ. ಒಳಗೇ ಉಳಿಯಬೇಡ ಎಂದೂ ಯಾರೂ ಹೇಳಿರಲಿಲ್ಲ. ನಾನು ಸ್ಪರ್ಧೆಗೆ ಹೊರಟಾಗಲೆಲ್ಲ "ಗೆದ್ದ ಬಾ ಯವ್ವಾ" ಎಂಬ ಅವಳ ದನಿ ಅಡುಗೆಮನೆಯಿಂದ ಬರುತ್ತಿತ್ತು. ಮೂರು ವರ್ಷ ಆ ದನಿ ಕೇಳಿದ್ದೇನೆ. ಅದು ಯಾವಾಗಲೂ ಒಳಗಿನಿಂದಲೇ ಯಾಕೆ ಬರುತ್ತದೆ ಎಂದು, ಪ್ರಶ್ನೆ ಕೇಳುವುದೇ ವಿದ್ಯೆಯಾದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನ ಮುಂಜಾನೆ ಕಟ್ಟೆಗೆ ಬಂದರೆ ಬೆಕ್ಕಿಲ್ಲ. ತಟ್ಟೆಯೂ ಇಲ್ಲ. ಅತ್ತಿ ರೊಟ್ಟಿ ಹಾಲನ್ನು ಹಿತ್ತಲಿಗೆ ಒಯ್ದಿದ್ದಳು.

"ಮುಂದ ಯಾಕ ಹಾಕಲಿಲ್ಲ?" ಎಂದೆ.

"ಮುಂಜಾನಿ ಮಂದಿ ಹೊರಬೀಳೂ ಹೊತ್ತು. ಅವು ಅಡ್ಡ ಬರೂದೂ ಬ್ಯಾಡ, ನಾ ಕಣ್ಣಿಗೆ ಬೀಳೂದೂ ಬ್ಯಾಡ. ಎರಡೂ ಹಿಂದ ಇರೂದು ಚಲೋ."

ಸಿಟ್ಟಿನಿಂದ ಹೇಳಲಿಲ್ಲ. ನನ್ನ ವಾದವನ್ನು ಒಪ್ಪಿಕೊಂಡವಳ ಹಾಗೆ ಹೇಳಿದಳು. ಎರಡೂ ಒಂದೇ ಎಂದು ಹೇಳಿದ್ದು ನಾನೇ ಅಲ್ಲವೇ? ನಾನು ಆ ಅರ್ಥದಲ್ಲಿ ಹೇಳಲಿಲ್ಲ, ಕಾಕಾನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತೋರಿಸಿದೆ ಎಂದು ವಿವರಿಸಿದೆ. ಉದ್ದಕ್ಕೆ ವಿವರಿಸಿದೆ. ಅವಳು ಹಾಲಿನ ಪಾತ್ರೆ ತೊಳೆಯುತ್ತ "ಹೂಂ ಹೂಂ" ಅಂದಳು.

ಬೆಕ್ಕುಗಳ ಇಡೀ ಸಭೆ ಹಿತ್ತಲಿಗೆ ವರ್ಗವಾಯಿತು. ಓಣಿ ಬರಿದಾಯಿತು. ಕಾಕಾ ತಡೆಯಿಲ್ಲದೆ ವ್ಯಾಪಾರಕ್ಕೆ ಹೋಗತೊಡಗಿದರು. ನನ್ನ ಹುದ್ದೆ ಹೋಯಿತು.

ಅಕ್ಕ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವ ದಿನ ಗೊತ್ತಾಯಿತು, ಒಂದು ಗುರುವಾರ. ಒಂದೂವರೆಗೆ ರಾಹುಕಾಲ ಕೂಡುತ್ತದೆ, ಅದರೊಳಗೆ ಹೊರಬೀಳಬೇಕು. ಅತ್ತಿ ಒಂದು ಸಣ್ಣ ಕೌದಿ ಹೊಲಿದಿದ್ದಳು, ತನ್ನ ಮೆತ್ತನೆಯ ಹಳೆ ಸೀರೆಗಳದು. ಅದನ್ನು ಅವ್ವನ ಕೈಗೆ ಕೊಟ್ಟು "ಹೋಗೂ ಹೊತ್ತಿಗೆ ನೀನ ಕೂಸಿನ ಮ್ಯಾಲೆ ಹಾಕು" ಅಂದಳು.

ಅಕ್ಕ ಕೇಳಿಸಿಕೊಂಡಳು. "ಅತ್ತಿ, ಕೂಸಿನ್ನ ಗಾಡಿಗೆ ನೀನ ಒಯ್ದು ಕೊಡಬೇಕು. ನಾ ಮತ್ಯಾರ ಕೈಯಾಗೂ ಕೊಡಂಗಿಲ್ಲ."

"ಹುಚ್ಚಿ. ಮೊದಲ ಸಲ ಮನಿಗೆ ಹೊಂಟೈತಿ ಅದು. ನಾ ಒಳಗಿಂದ ನೋಡತೀನಿ. ಚಂದ ಕಾಣತೈತಿ."

ಅಕ್ಕನ ಕಣ್ಣಲ್ಲಿ ನೀರು ಬಂತು. ಅತ್ತಿ ಬಾಣಂತಿಯ ಅಂಟಿನ ಉಂಡಿಯ ಡಬ್ಬಿ ಹುಡುಕುವ ನೆಪದಲ್ಲಿ ಎದ್ದು ಹೋದಳು.

ಬುಧವಾರ ಸಂಜೆ ನನ್ನನ್ನು ಕರೆದಳು. "ತಂಗಿ, ಒಂದೀಟು ಓಣ್ಯಾಗ ಹೋಗಿ ನಿಂದ್ರು." ಯಾಕೆ ಎಂದೆ. "ಎಲ್ಲಾದಕ್ಕೂ ಯಾಕ ಅನಬ್ಯಾಡ. ನಿಂದ್ರಂದ್ರ ನಿಂದ್ರು."

ಹೋಗಿ ನಿಂತೆ. ನಡುಮನೆಯ ಕಿಟಕಿಯ ಬಾಗಿಲು ನಾಲ್ಕು ಬೆರಳು ತೆರೆದಿತ್ತು. ಸಂದಿಯಲ್ಲಿ ಅತ್ತಿಯ ಒಂದು ಕಣ್ಣು.

"ಈ ಕಡೆ ಸರಿ. ಇನ್ನೂ ಒಂದೀಟು. ಹಾಂ, ಅಲ್ಲೇ. ಈಗ ನಿನ್ನ ಕೈ ಹಿಂಗ ಮಾಡು, ಕೂಸಿನ್ನ ಹಿಡದಂಗ."

ಬರಿಗೈಯಲ್ಲಿ ಕೂಸನ್ನು ಹಿಡಿದ ಹಾಗೆ ನಿಂತಾಗ ನನಗೆ ತಿಳಿಯಿತು.

"ಮುಖಾ ಕಾಣಾಕತ್ತೈತಿ," ಅಂದಳು ಕಿಟಕಿಯ ಸಂದಿಯಿಂದ. "ಆ ಜಾಗಾಕ್ಕ ಒಂದು ಇಟ್ಟಂಗಿ ಇಡು. ನಾಳೆ ಗಾಡಿ ಅಲ್ಲೇ ನಿಂದ್ರಸಾಕ ಹೇಳು. ಯಾರು ಹೇಳ್ಯಾರಂತ ಹೇಳಬ್ಯಾಡ."

ಅರ್ಧ ಇಟ್ಟಂಗಿ ತಂದು ಇಟ್ಟೆ. ಆ ರಾತ್ರಿ ಊಟಕ್ಕೆ ಕೂತಾಗ ನಾನು ಯಾರ ಜೊತೆಗೂ ವಾದ ಮಾಡಲಿಲ್ಲ. ಜ್ವರ ಬಂದಿದೆಯೇ ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಗುರುವಾರ ಬಬಲೇಶ್ವರದಿಂದ ಜೀಪು ಬಂತು. ಮುಂದಿನ ಸೀಟಿನಲ್ಲಿ ಬೀಗಿತ್ತಿ, ಅಂದರೆ ಅಕ್ಕನ ಅತ್ತೆ. ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ಬಂದವರು ಉಂಡು, ಅಡಿಕೆ ಎಲೆ ಹಾಕಿಕೊಳ್ಳುವ ಹೊತ್ತಿಗೆ ಒಂದು ಗಂಟೆ. ಈ ಗಡಿಬಿಡಿಯಲ್ಲಿ ಅತ್ತಿ ಬೆಕ್ಕುಗಳನ್ನು ಮರೆತಿದ್ದಳು. ಹಿತ್ತಲಲ್ಲಿ ಪಾತ್ರೆಗಳ ರಾಶಿ, ತೊಳೆಯುವ ಹೆಂಗಸರು. ಹಸಿದ ಬೆಕ್ಕುಗಳು ಹಳೆಯ ಜಾಗ ನೆನಪಿಸಿಕೊಂಡು ಮುಂದಿನ ಕಟ್ಟೆಗೆ ಬಂದವು.

ಓಣಿಯ ಬಾಯಲ್ಲಿ ನಿಲ್ಲಿಸಿದ್ದ ಜೀಪನ್ನು ಡ್ರೈವರ್ ಇಟ್ಟಂಗಿಯ ಗುರುತಿಗೆ ತರತೊಡಗಿದ. ಬೀಗಿತ್ತಿ ಆಗಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಕ್ಕ ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಸೊಸಿ ಓಣಿಗೆ ಇಳಿದಳು. ಜೀಪಿನ ಮುಂದಿನಿಂದ ಆಚೆ ಹೊರಟಳು. ಡ್ರೈವರ್ ಬ್ರೇಕ್ ಒತ್ತಿದ. ಆಚೆಯಿಂದ ಸಾವ್ಕಾರ ಬಂದ. ಇಬ್ಬರೂ ಓಣಿಯ ನಡುವೆ ಎದುರಾದರು, ಕೂತರು. ಸಾವ್ಕಾರ ಕೂತದ್ದು ಸರಿಯಾಗಿ ಆ ಇಟ್ಟಂಗಿಯ ಪಕ್ಕ. ಸೊಸಿ ಕಾಲು ನೆಕ್ಕತೊಡಗಿದಳು.

ಜೀಪು ಇಪ್ಪತ್ತು ಹೆಜ್ಜೆ ಆಚೆ ನಿಂತುಬಿಟ್ಟಿತು. ಕಿಟಕಿಯ ನಾಲ್ಕು ಬೆರಳ ಸಂದಿಯಿಂದ ಅದು ಕಾಣುವ ಹಾಗಿರಲಿಲ್ಲ.

"ಏನ್ರಿ ಇದು, ಮೊದಲ ಸಲ ಕೂಸು ಹೊಂಟಾಗ!" ಅಂದರು ಬೀಗಿತ್ತಿ ಕಿಟಕಿಯಿಂದ.

"ಚಿಂತಿ ಬ್ಯಾಡ್ರಿ, ನಮ್ಮಲ್ಲಿ ಅದಕ್ಕ ಮಂದಿ ಅದಾರ," ಅಂದರು ಕಾಕಾ ತಮ್ಮ ಕಟ್ಟೆಯಿಂದ. ಆಮೇಲೆ ನನಗೆ, "ತಂಗೀ, ನೀ ಮೊದಲ ದಾಟವಾ."

ನಾಲ್ಕು ಹೆಜ್ಜೆಯ ಕೆಲಸ. ದಾಟಿದ್ದರೆ ಬೆಕ್ಕುಗಳು ಏಳುತ್ತಿದ್ದವು, ಜೀಪು ಗುರುತಿಗೆ ಬರುತ್ತಿತ್ತು, ಅತ್ತಿಗೆ ಕೂಸಿನ ಮುಖ ಕಾಣುತ್ತಿತ್ತು. ಆದರೆ ಹಿಂದಿನ ಸಂಜೆಯಿಂದ ಹೇಳದೆ ಇಟ್ಟುಕೊಂಡದ್ದು ತಪ್ಪು ಹೊತ್ತಿಗೆ ಹೊರಬಿತ್ತು. "ನಾ ದಾಟಂಗಿಲ್ಲ ಕಾಕಾ. ನಂಬಾವ್ರು ನೀವು. ನೀವ ದಾಟ್ರಿ."

"ಏ, ಇದೇನ ಇದು?"

"ಹೌದು. ಇವತ್ತಿಂದ ದಾಟಂಗಿಲ್ಲ."

"ತಂಗೀ!" ಅಂದ ಅಪ್ಪ. "ಒಂದಾಗಿ ಹತ್ತ ನಿಮಿಷ ಆತ್ರಿ, ರಾಹುಕಾಲ ಬರತೈತಿ," ಅಂದರು ಬೀಗಿತ್ತಿ. ಡ್ರೈವರನಿಗೆ ನಮ್ಮ ಓಣಿಯ ರಾಜಕೀಯ ಬೇಕಿರಲಿಲ್ಲ. ಇಳಿದ, ಬೆಕ್ಕುಗಳ ಹತ್ತಿರಕ್ಕೆ ಬಂದ, ನಮ್ಮ ಕಟ್ಟೆಯ ಬುಡದಿಂದ ಮುಷ್ಟಿ ಗಾತ್ರದ ಕಲ್ಲು ಎತ್ತಿಕೊಂಡ.

"ಲೇ ಲೇ ಲೇ! ಕಲ್ಲ ಒಗದಿ ಅಂದ್ರ ನೋಡು! ಇಡು ಕೆಳಗ!"

ಅದು ಅತ್ತಿಯ ದನಿ, ಆದರೆ ಈ ಸಲ ಒಳಗಿನಿಂದ ಬರಲಿಲ್ಲ. ಅಕ್ಕನನ್ನು ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ, ಕಟ್ಟೆ ಇಳಿದು, ಚಪ್ಪಲಿ ಇಲ್ಲದ ಕಾಲಲ್ಲಿ ಕಾದ ಓಣಿಗೆ ಓಡಿ ಬಂದಳು. ಡ್ರೈವರ್ ಕಲ್ಲು ಕೆಳಗೆ ಹಾಕಿದ. ಅತ್ತಿ ಸಾವ್ಕಾರನನ್ನು ಎತ್ತಿಕೊಂಡಳು. ಯಾರ ಕೈಗೂ ಸಿಗದ ಗಂಡು ಅವನು, ಹಿಟ್ಟಿನ ಚೀಲದ ಹಾಗೆ ಅವಳ ತೋಳಲ್ಲಿ ಜೋತುಬಿದ್ದ.

ಆಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ತಿಳಿಯಿತು. ಎದುರಿಗೆ ಜೀಪು. ಹಿಂದೆ ಹೊಸ್ತಿಲಲ್ಲಿ ಕೂಸು. ನಡುವೆ, ಮಧ್ಯಾಹ್ನದ ಬಿಸಿಲಲ್ಲಿ, ಎಲ್ಲರ ಕಣ್ಣೆದುರಿಗೆ ತಾನು. ತಲೆ ಮೇಲಿನ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಸಾವ್ಕಾರನೂ ಗೋಡೆ ನೋಡಿದ. ಸೊಸಿ ಇನ್ನೂ ಜೋರಾಗಿ ಕಾಲು ನೆಕ್ಕಿದಳು. ನಾನು ಓಣಿಯ ಉದ್ದಕ್ಕೂ ನೋಡಿದೆ. ಅಪ್ಪ ಮೇಲಿನ ಕರೆಂಟಿನ ತಂತಿ ನೋಡುತ್ತಿದ್ದ. ಕಾಕಾ ನಿಂತ ಮೋಟರ್‌ಸೈಕಲ್ಲಿನ ಚೈನು ನೋಡುತ್ತಿದ್ದರು. ಡ್ರೈವರ್ ತನ್ನ ಅಂಗೈಯ ಮಣ್ಣು ನೋಡುತ್ತಿದ್ದ. ಹಾಲಿನ ತಟ್ಟೆಯ ಸುತ್ತ ಕೂತವರ ಹಾಗೆ ಎಲ್ಲರೂ ಎಲ್ಲೆಲ್ಲೋ ನೋಡುತ್ತಿದ್ದರು.

ಕಟ್ಟೆ ಇಳಿದವಳು ಅಕ್ಕ. "ಬೆಕ್ಕ ನನಗ ಕೊಡು. ಕೂಸಿನ್ನ ನೀ ಹಿಡಿ."

"ಬ್ಯಾಡ ಯವ್ವಾ..."

"ಹಿಡಿ ಅತ್ತಿ. ಕೈ ಸೋತಾವು."

ಬೆಕ್ಕು ಅಕ್ಕನ ಕೈಗೆ ಹೋಗಲಿಲ್ಲ, ಜಿಗಿದು ಕಟ್ಟೆ ಏರಿತು. ಬರಿದಾದ ತೋಳಿಗೆ ಕೂಸು ಬಂತು. ಕೂಸು ಪರಿಚಯದ ವಾಸನೆ ಸಿಕ್ಕಿದ್ದಕ್ಕೆ ಅತ್ತಿಯ ಸೆರಗಿನ ತುದಿ ಬಾಯಿಗಿಟ್ಟುಕೊಂಡಿತು.

ಎಲ್ಲರೂ ಈಗ ಜೀಪಿನ ಕಡೆ ನೋಡಿದೆವು. ಬೀಗಿತ್ತಿ ಏನನ್ನುತ್ತಾರೆ? ಅವರು ಗಡಿಯಾರ ನೋಡಿದರು. ಕೂಸನ್ನು ನೋಡಿದರು.

"ಬಿಸಲಾಗ ಯಾಕ ನಿಂದ್ರಸೀರಿ ಬೀಗಿತ್ತಿ ಅದನ್ನ? ತರ್ರಿ ಈ ಕಡೆ. ಹೊತ್ತಾತು," ಅಂದರು ಅತ್ತಿಗೆ.

ಅತ್ತಿ ಇಪ್ಪತ್ತು ಹೆಜ್ಜೆ ನಡೆದಳು. ಅವ್ವ ಕೌದಿ ಹಿಡಿದು ಹಿಂದೆ ಓಡಿದಳು. ಕೂಸನ್ನು ಕೊಡುವಾಗ ಅತ್ತಿ ಹೇಳಿದ್ದು ಇಷ್ಟೇ, "ಎರಿಯೂಮುಂದ ನೀರು ಮೊದಲ ಬೆನ್ನಿಗೆ ಹಾಕ್ರಿ. ಎದಿಗೆ ಹಾಕಿದ್ರ ಬೆಚ್ಚತೈತಿ." ಬೀಗಿತ್ತಿ "ಹಂಗ ಆಗಲಿ" ಅಂದರು. ಅಕ್ಕ ಹತ್ತಿದಳು. ಜೀಪು ಇಟ್ಟಂಗಿಯ ಗುರುತನ್ನು ದಾಟಿ ಹೋಯಿತು.

ಆಮೇಲೆ ಅತ್ತಿ ಕಟ್ಟೆಯ ಮೇಲೆ ಕೂತಳು. ಒಳಗೆ ಹೋಗಲಿಲ್ಲ. ಬಬಲೇಶ್ವರ ಒಂದು ತಾಸಿನ ದಾರಿಯೂ ಅಲ್ಲ. ಎರಡಾಯಿತು, ಫೋನ್ ಬರಲಿಲ್ಲ. ಎರಡೂವರೆ ಆಯಿತು. ಅಕ್ಕನ ಫೋನ್ ಹತ್ತುತ್ತಿರಲಿಲ್ಲ. ಅತ್ತಿ ಊಟ ಮಾಡಲಿಲ್ಲ. ಅವಳ ತುಟಿ ಸಪ್ಪಳವಿಲ್ಲದೆ ಅಲ್ಲಾಡುತ್ತಿತ್ತು. ಬೆಕ್ಕುಗಳು ಒಂದೊಂದಾಗಿ ಬಂದು, ಒಂದು ಮೊಳದ ಅಂತರ ಬಿಟ್ಟು ಸುತ್ತ ಕೂತವು.

ನಾನೂ ಕೂತೆ. ಇದನ್ನು ಬರೆದಿಡಲೇಬೇಕು: ನನಗೆ ಹೆದರಿಕೆಯಾಗಿತ್ತು. ಬೆಕ್ಕಿನಿಂದ ಏನೂ ಆಗುವುದಿಲ್ಲ, ಅತ್ತಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ಎಷ್ಟು ಖಚಿತವಾಗಿ ಗೊತ್ತಿತ್ತೋ ಅಷ್ಟೇ ಖಚಿತವಾಗಿ ಗಳಿಗೆಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದೆ. ದಾರಿಯಲ್ಲಿ ಏನಾದರೂ ಆಗಿದ್ದರೆ ಅದಕ್ಕೆ ಯಾವ ಕಾರಣ ಕೊಟ್ಟರೂ ಅತ್ತಿ ಇನ್ನು ಈ ಕಟ್ಟೆಗೆ ಬರುವುದಿಲ್ಲ.

ಮೂರೂಕಾಲಿಗೆ ಅಕ್ಕನ ಫೋನ್ ಬಂತು. ಮನೆ ಮುಟ್ಟಿದೆವು, ಕೂಸು ಮಲಗಿದೆ. ಊರು ಹತ್ತಿರ ಬಂದಾಗ ಗಾಡಿ ಪಂಕ್ಚರ್ ಆಗಿತ್ತು, ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ, ಒಂದು ತಾಸು ಬಿಸಿಲಲ್ಲಿ ಮರದ ಕೆಳಗೆ ಕೂತಿದ್ದೆವು. ಅತ್ತಿಗೆ ಹೇಳಬೇಡ.

ಅತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತ? ಯಾಕ ತಡಾ ಆತಂತ?"

ಸಾಕ್ಷ್ಯ ಮುಚ್ಚಿಡುವವರ ವಿರುದ್ಧ ನಾನು ಮೂರು ವರ್ಷ ಮಾತಾಡಿದ್ದೇನೆ. "ಚಹಾ ಕುಡ್ಯಾಕ ನಿಂತಿದ್ರಂತ," ಅಂದೆ.

"ಹೌದಾ," ಅಂದಳು. ಎದ್ದು ಒಳಗೆ ಹೋಗಿ ತಟ್ಟೆ ತಂದಳು, ರೊಟ್ಟಿ ಮುರಿದಳು. ಮುಂದಿನ ಕಟ್ಟೆಯ ಮೇಲೆಯೇ.

ಮರುದಿನ ಅಪ್ಪ ಹೊರಟಾಗ ಅತ್ತಿ ಹೊಸ್ತಿಲ ತನಕ ಬಂದಳು. ಅಪ್ಪ ಹೋಗುವುದಕ್ಕೆ ಮೊದಲು ಚಪ್ಪಲಿಯನ್ನು ಬಹಳ ಹೊತ್ತು ಹಾಕಿಕೊಂಡ. ನಾನು ಕೆಲಸದ ಸಂದರ್ಶನಕ್ಕೆ ಹೋದ ದಿನ ಕಟ್ಟೆ ಇಳಿದು ಬಂದಳು. ಆ ಕೆಲಸ ಸಿಗಲಿಲ್ಲ. ಸಂದರ್ಶನ ಮಾಡುವವರ ಜೊತೆಯೇ ವಾದಕ್ಕೆ ಬಿದ್ದಿದ್ದೆ. ಮನೆಗೆ ಬಂದವಳೇ ಕಾರಣವನ್ನು ಮೊದಲು ಅತ್ತಿಗೆ ಹೇಳಿದೆ, ಎರಡೆರಡು ಸಲ ಹೇಳಿದೆ.

"ತಿಳೀತ ಬಿಡು," ಅಂದಳು. "ನಿನ್ನ ಬಾಯಿ ನನಗ ಗೊತ್ತಿಲ್ಲೇನು?"

ಆರು ತಿಂಗಳಾದ ಮೇಲೆ ಅಕ್ಕನನ್ನು ಬಿಡಲು ಬಂದ ಬೀಗಿತ್ತಿ ನಮ್ಮ ಕಟ್ಟೆಯ ಮೇಲೆ ಕೂತು, ಆ ದಿನದ ಪಂಕ್ಚರಿನ ಕತೆಯನ್ನು ಕೈ ಬೀಸಿ ಬೀಸಿ ಹೇಳಿ ನಕ್ಕರು. ಸ್ಟೆಪ್ನಿ ನೋಡಿಕೊಳ್ಳದ ಡ್ರೈವರನಿಗೆ ಎಂಥ ಬೈಗುಳ ಕೊಟ್ಟರು ಎಂಬುದನ್ನೂ ಹೇಳಿದರು. ನಾನು ಅತ್ತಿಯ ಮುಖ ನೋಡಲಾಗದೆ ಕೂತಿದ್ದೆ. ಅವರು ಒಳಗೆ ಹೋದ ಮೇಲೆ ಅತ್ತಿ ರೊಟ್ಟಿ ಮುರಿಯುತ್ತ ಅಂದಳು, "ನನಗ ಅವತ್ತ ಗೊತ್ತಿತ್ತು."

"ಪಂಕ್ಚರ್ ಆಗಿದ್ದು?"

"ಏನೋ ಒಂದು ಆಗೇತಿ ಅನ್ನೂದು. ನೀ ಚಹಾ ಅಂದಾಗ ಕೈಯಾನ ಉಗುರು ನೋಡಕೋತ ಕುಂತಿದ್ದಿ. ನಮ್ಮ ಸಾವ್ಕಾರ ತಿರುವಿನ್ಯಾಗ ಕುಂದರತಾನ ನೋಡು, ಹಂಗ."

"ಗೊತ್ತಿದ್ದೂ ಮರುದಿನ ಅಪ್ಪ ಹೊಂಟಾಗ ಬಾಗಲಕ್ಕ ಬಂದಿ?"

"ಬಂದ್ನಿ."

"ಯಾಕ?"

ಅವಳು ರೊಟ್ಟಿಯ ಚೂರುಗಳನ್ನು ಹಾಲಿನಲ್ಲಿ ಒತ್ತಿದಳು. "ಕೂಸು ಮನಿ ಮುಟ್ಟಿತ್ತಲ್ಲ," ಅಂದಳು.

ಸೊಸಿ ಎದ್ದು ಓಣಿಗೆ ಇಳಿದು ಆಚೆ ಹೋದಳು. ಮೋಟರ್‌ಸೈಕಲ್ ಗಕ್ಕನೆ ನಿಂತ ಸಪ್ಪಳ. "ಯಾರರ ಬರ್ರವಾ," ಅಂದರು ಕಾಕಾ, "ತಿಕೋಟಾಕ್ಕ ಹೊಂಟೇನಿ, ಇಂದು ದೊಡ್ಡ ಮಾಲೈತಿ."

ನಾನು ಏಳಲು ಹೋದೆ. ಅತ್ತಿ ಹಾಲಾದ ಕೈಯನ್ನು ನನ್ನ ಭುಜದ ಮೇಲಿಟ್ಟು ಕೂರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆ ಇಳಿದು, ಮೋಟರ್‌ಸೈಕಲ್ಲಿನ ಮುಂದಿನಿಂದ ಆಚೆಗೆ ದಾಟಿ ನಿಂತಳು.

ಕಾಕಾ ಚೈನು ನೋಡಿದರು. ಒಂದು ಕ್ಷಣ ನೋಡಿದರು. ಆಮೇಲೆ ಕಿಕ್ ಹೊಡೆದರು.